ಪಾಲಿಮರಿನೊಳಗೆ ನ್ಯಾನೋಕಣಗಳು ಹೇಗೆ ಗುಂಪುಗೂಡುತ್ತವೆ? ಸಿಮ್ಯುಲೇಶನ್ ಮಾಡಿ ನೋಡುವವರಿಗೊಂದು ಮಾರ್ಗದರ್ಶಿ

ಹೋದ ವರ್ಷ ತುಳುನಾಡಿನ ಆಟಿ ತಿಂಗಳ ಒಂದು ಸಂಜೆ, ಮಣಿಪಾಲದಲ್ಲಿ ಓದುತ್ತಿರುವ ನಮ್ಮ ನೆರೆಮನೆಯ ಹುಡುಗಿ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸುರತ್ಕಲ್ಲಿನ ನಮ್ಮ ಮನೆಗೆ ಬಂದಳು. ಕೊಡೆಯನ್ನು ಜಗಲಿಯಲ್ಲಿ ಒರಗಿಸಿದವಳೇ ಪರದೆ ತೆರೆದು, "ಅಕ್ಕಾ, ಕಣಗಳೆಲ್ಲ ಒಟ್ಟುಗೂಡಿಬಿಟ್ಟವು, ನೋಡಿ" ಎಂದಳು. ನೀಲಿ ಎಳೆಗಳ ನಡುವೆ ಕೆಂಪು ಗೋಲಗಳು ದ್ರಾಕ್ಷಿ ಗೊಂಚಲಿನ ಹಾಗೆ ಕೂಡಿದ್ದವು. ಚಿತ್ರ ನಿಜಕ್ಕೂ ಚಂದವಿತ್ತು.

"ಎಷ್ಟು ಹೆಜ್ಜೆ ಓಡಿಸಿದೆ?" ಎಂದು ಕೇಳಿದೆ.

"ಎರಡು ಲಕ್ಷ."

ಒಂದು ಹೆಜ್ಜೆಗೆ 0.005 ಟೌ; ಟೌ ಎಂದರೆ ಸಿಮ್ಯುಲೇಶನ್ನಿನೊಳಗಿನ ಕಾಲದ ಅಳತೆ. ಎರಡು ಲಕ್ಷ ಹೆಜ್ಜೆಯೆಂದರೆ 1,000 ಟೌ. ಪಾಲಿಮರಿನ ಉದ್ದನೆಯ ಅಣುಗಳನ್ನು ಅವಳು ಮಣಿಗಳ ಸರಪಳಿಗಳಾಗಿ ಇಟ್ಟಿದ್ದಳು, ತಲಾ 100 ಮಣಿಗಳು. ಅಂಥ ಸರಪಳಿ ತನ್ನ ಹಳೆಯ ಆಕಾರವನ್ನು ಮರೆತು ಹೊಸದಕ್ಕೆ ಹೊರಳಲು ಸುಮಾರು 15,000 ಟೌ ಬೇಕು. ಅವಳು ಸಿಮ್ಯುಲೇಶನ್ನಿನ ದೊಡ್ಡ ಪೆಟ್ಟಿಗೆಯಲ್ಲಿ ಎಲ್ಲವನ್ನೂ ವಿರಳವಾಗಿ ಹರಡಿ, ಬಳಿಕ ಪೆಟ್ಟಿಗೆಯನ್ನು ಬೇಗಬೇಗನೆ ಕುಗ್ಗಿಸಿದ್ದಳು. ಕುಗ್ಗುವಾಗ ಒತ್ತೊತ್ತಾಗಿ ಬಂದ ಕಣಗಳು ಸರಪಳಿಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಉಳಿದಿದ್ದವು. ಆ ಗೊಂಚಲು ಪ್ರಕೃತಿಯದಲ್ಲ, ಪೆಟ್ಟಿಗೆ ಕುಗ್ಗಿಸಿದ ಅವಸರದ್ದು.

ಅಂದು ಅವಳಿಗೆ ಬರೆದುಕೊಟ್ಟ ಟಿಪ್ಪಣಿಯನ್ನೇ ಇಲ್ಲಿ ವಿಸ್ತರಿಸಿದ್ದೇನೆ. ಕೊಣಾಜೆ, ಸುರತ್ಕಲ್, ಮಣಿಪಾಲಗಳಲ್ಲಿ ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದುತ್ತ ಈ ಕೆಲಸಕ್ಕೆ ಕೈಹಾಕುವವರಿಗೆ ಒಂದು ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದರೆ ಆರಂಭಕ್ಕೆ ಸಾಕು.

ಮೊದಲು, ಇದು ಯಾಕೆ ಬೇಕು

ಸುಳ್ಯದ ತೋಟಗಳಲ್ಲಿ ಹೊಗೆಗೂಡಿನಿಂದ ಇಳಿಸಿದ ರಬ್ಬರ್ ಶೀಟನ್ನು ಕೈಯಲ್ಲಿ ಹಿಡಿದವರಿಗೆ ಅದರ ಮೆತುತನ ಗೊತ್ತು. ಅದೇ ರಬ್ಬರ್ ಬಸ್ಸಿನ ಟಯರ್ ಆಗಿ ಶಿರಾಡಿ ಘಾಟಿಯನ್ನು ಹತ್ತಿಳಿಯುವಷ್ಟು ಗಟ್ಟಿಯಾಗುವುದರ ಹಿಂದೆ ಗಂಧಕದ ಜೊತೆಗೆ ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿಯ ಪಾಲು ದೊಡ್ಡದು. ಆ ಪುಡಿಯ ಮೂಲಕಣಗಳು ಕೆಲವು ಹತ್ತು ನ್ಯಾನೋಮೀಟರ್ ಗಾತ್ರದವು. ಅವು ರಬ್ಬರಿನೊಳಗೆ ಬಿಡಿಬಿಡಿಯಾಗಿ ಹರಡಿವೆಯೋ, ಎಳೆ ಹಿಡಿದಿವೆಯೋ, ಗಂಟುಕಟ್ಟಿವೆಯೋ ಎಂಬುದರ ಮೇಲೆ ಟಯರಿನ ಗಟ್ಟಿತನವೂ ಅದು ಉರುಳುವಾಗ ಕಳೆಯುವ ಶಕ್ತಿಯೂ ನಿಂತಿವೆ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ತಯಾರಾಗುವ ಪಾಲಿಪ್ರೊಪಿಲೀನಿಗೆ ಸಿಲಿಕಾ ಅಥವಾ ಜೇಡಿಯ ನ್ಯಾನೋಕಣ ಬೆರೆಸಲು ಹೊರಟವರ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊನೆಯ ಸ್ಥಿತಿಯನ್ನು ತೋರಿಸುತ್ತದೆ. ಯಾವ ಬಲ ಕಣಗಳನ್ನು ಅಲ್ಲಿಗೆ ಕೊಂಡೊಯ್ದಿತು ಎಂದು ಬಿಡಿಸಿ ನೋಡಲು ಸಿಮ್ಯುಲೇಶನ್ ಬೇಕು.

ಹೆಜ್ಜೆ 1: ಮಾದರಿಯನ್ನು ಆರಿಸಿ

ಪ್ರತಿಯೊಂದು ಪರಮಾಣುವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆ ಮಾಡಿದರೆ ಕಣಗಳು ಕೂಡುವಷ್ಟು ಕಾಲ ಓಡಿಸುವುದು ಸಾಧ್ಯವೇ ಆಗುವುದಿಲ್ಲ. ಕರ್ಟ್ ಕ್ರೆಮರ್ ಮತ್ತು ಗ್ಯಾರಿ ಗ್ರೆಸ್ಟ್ 1990ರಲ್ಲಿ ಪ್ರಕಟಿಸಿದ ಮಣಿ-ಸ್ಪ್ರಿಂಗ್ ಮಾದರಿ ಇಂದಿಗೂ ಈ ಕೆಲಸದ ಬೆನ್ನೆಲುಬು. ಅದರಲ್ಲಿ ಒಂದು ಮಣಿ ಪಾಲಿಮರಿನ ಕೆಲವು ಘಟಕಗಳನ್ನು ಒಟ್ಟಾಗಿ ಪ್ರತಿನಿಧಿಸುತ್ತದೆ. ಉದ್ದದ ಅಳತೆ ಸಿಗ್ಮಾ, ಅಂದರೆ ಒಂದು ಮಣಿಯ ವ್ಯಾಸ. ಶಕ್ತಿಯ ಅಳತೆ ಎಪ್ಸಿಲಾನ್, ಕಾಲದ ಅಳತೆ ಟೌ. ಹತ್ತಿರದಲ್ಲಿ ನೂಕುವ, ತುಸು ದೂರದಲ್ಲಿ ಸೆಳೆಯುವ ಲೆನ್ನಾರ್ಡ್-ಜೋನ್ಸ್ ಬಲವನ್ನು ಮಣಿಗಳ ನಡುವೆ ಕೊಟ್ಟು, ವಿಕರ್ಷಣೆ ಮಾತ್ರ ಉಳಿಯುವಂತೆ 1.1225 ಸಿಗ್ಮಾದಲ್ಲಿ ಕತ್ತರಿಸಿ. ಪಕ್ಕಪಕ್ಕದ ಮಣಿಗಳನ್ನು ಫೆನೆ ಎಂಬ, ಒಂದು ಮಿತಿಯಾಚೆ ಹಿಗ್ಗದ ಸ್ಪ್ರಿಂಗಿನಿಂದ ಜೋಡಿಸಿ. ಅದರ ಬಿಗಿತ 30, ಗರಿಷ್ಠ ಉದ್ದ 1.5 ಸಿಗ್ಮಾ. ಸಾಂದ್ರತೆ ಒಂದು ಘನ ಸಿಗ್ಮಾಕ್ಕೆ 0.85 ಮಣಿ, ತಾಪ 1. ಎಲ್ಲ ಸರಿಯಿದ್ದರೆ ಬಂಧದ ಸರಾಸರಿ ಉದ್ದ 0.97 ಸಿಗ್ಮಾದ ಬಳಿ ನಿಲ್ಲುತ್ತದೆ. ಬೇರೇನನ್ನು ನೋಡುವ ಮೊದಲು ಈ ಒಂದು ಸಂಖ್ಯೆಯನ್ನು ನೋಡಿ.

ತಂತ್ರಾಂಶವಾಗಿ ಲ್ಯಾಂಪ್ಸ್ ಸಾಕು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಬೆಳೆದ ಈ ಮುಕ್ತ ತಂತ್ರಾಂಶವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಚಿತ್ರ ನೋಡಲು ಓವಿಟೊ ಇದೆ. ಗ್ರಾಫಿಕ್ಸ್ ಕಾರ್ಡ್ ಇರುವವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಹೂಮ್ಡ್-ಬ್ಲೂ ಕೂಡ ಬಳಸಬಹುದು. ನಾನು ಲ್ಯಾಂಪ್ಸ್ ಹಿಡಿದೇ ಮುಂದಿನದನ್ನು ಹೇಳುತ್ತೇನೆ.

ಹೆಜ್ಜೆ 2: ಕಾಗದದ ಮೇಲೆ ಲೆಕ್ಕ ಹಾಕಿ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. 100 ಮಣಿಗಳ 500 ಸರಪಳಿಗಳೆಂದರೆ 50,000 ಮಣಿಗಳು. 0.85 ಸಾಂದ್ರತೆಯಲ್ಲಿ ಇವು ಹಿಡಿಯುವ ಜಾಗ ಸುಮಾರು 58,800 ಘನ ಸಿಗ್ಮಾ. ನ್ಯಾನೋಕಣದ ವ್ಯಾಸ 5 ಸಿಗ್ಮಾ ಎಂದಿಟ್ಟುಕೊಂಡರೆ ಒಂದರ ಗಾತ್ರ 65.4 ಘನ ಸಿಗ್ಮಾ, ನೂರರದು ಸುಮಾರು 6,540. ಒಟ್ಟು 65,400ರ ಆಸುಪಾಸು. ಅದರಲ್ಲಿ ಕಣಗಳ ಪಾಲು ಶೇಕಡಾ 10. ಪೆಟ್ಟಿಗೆಯ ಬದಿ 40.3 ಸಿಗ್ಮಾ.

ಕಣದ ವ್ಯಾಸವನ್ನು 10 ಸಿಗ್ಮಾ ಮಾಡೋಣ ಎಂದು ಹಲವರಿಗೆ ಆಸೆಯಾಗುತ್ತದೆ. ಅದೇ ಪೆಟ್ಟಿಗೆಯಲ್ಲಿ ಅದೇ ಶೇಕಡಾ 10ರ ಪಾಲಿಗೆ ಆಗ ಹನ್ನೆರಡು ಕಣಗಳಷ್ಟೇ ಹಿಡಿಸುತ್ತವೆ. ಹನ್ನೆರಡು ಕಣಗಳನ್ನು ಇಟ್ಟುಕೊಂಡು ಗುಂಪುಗೂಡುವಿಕೆಯ ಬಗ್ಗೆ ಏನನ್ನೂ ಹೇಳಲಾಗದು.

ಇನ್ನೊಂದು ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. 100 ಮಣಿಗಳ ಸರಪಳಿಯ ಸುತ್ತುತ್ರಿಜ್ಯ, ಅಂದರೆ ಅದು ಸುರುಳಿಯಾಗಿ ಹರಡಿಕೊಳ್ಳುವ ಅಳತೆ, ಸುಮಾರು 5.3 ಸಿಗ್ಮಾ. ನಮ್ಮ ಕಣದ ತ್ರಿಜ್ಯ 2.5. ಕಣ ಸುರುಳಿಗಿಂತ ಚಿಕ್ಕದೋ ದೊಡ್ಡದೋ ಎಂಬುದು ಮುಂದೆ ಅದರ ನಡೆಯನ್ನು ಬದಲಿಸುತ್ತದೆ.

ಹೆಜ್ಜೆ 3: ಕಣಕ್ಕೂ ಮಣಿಗೂ ನಡುವಿನ ಬಲ

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಐದು ಸಿಗ್ಮಾ ವ್ಯಾಸದ ಕಣಕ್ಕೆ ಮಾಮೂಲಿ ಲೆನ್ನಾರ್ಡ್-ಜೋನ್ಸ್ ಸೂತ್ರದಲ್ಲಿ ಸಿಗ್ಮಾವನ್ನೇ 5 ಮಾಡಿದರೆ ಕಣದ ಮೈ ಸ್ಪಂಜಿನಂತೆ ಮೆತ್ತಗಾಗುತ್ತದೆ, ಆಕರ್ಷಣೆಯ ಹರವೂ ಐದುಪಟ್ಟು ಹಿಗ್ಗುತ್ತದೆ. ಬೇಕಾದ್ದು ಗಟ್ಟಿ ಗೋಲ, ಅದರ ಮೈಮೇಲೆ ಮಾತ್ರ ತೆಳುವಾದ ಬಲದ ಪದರ. ಇದಕ್ಕೆ ಲ್ಯಾಂಪ್ಸಿನಲ್ಲಿ 'ಎಲ್‌ಜೆ/ಎಕ್ಸ್‌ಪ್ಯಾಂಡ್' ಎಂಬ ಬಗೆಯಿದೆ. ಅದು ದೂರವನ್ನು ಕೇಂದ್ರದಿಂದ ಅಳೆಯದೆ, ಡೆಲ್ಟಾ ಎಂಬಷ್ಟು ಕಳೆದು ಅಳೆಯುತ್ತದೆ.

ಮಣಿ-ಮಣಿಗೆ ಡೆಲ್ಟಾ 0. ಮಣಿ-ಕಣಕ್ಕೆ ಎರಡರ ವ್ಯಾಸಗಳನ್ನು ಕೂಡಿ ಅರ್ಧ ಮಾಡಿ ಒಂದು ಕಳೆಯಿರಿ: 3 ರಿಂದ 1 ಹೋದರೆ 2. ಕಣ-ಕಣಕ್ಕೆ 5 ರಿಂದ 1 ಹೋಗಿ 4. ಕತ್ತರಿಸುವ ದೂರಕ್ಕೆ ಡೆಲ್ಟಾ ಸೇರಿರುವುದಿಲ್ಲ ಎಂಬುದು ನೆನಪಿರಲಿ. ಮಣಿ-ಕಣಕ್ಕೆ 2.5 ಎಂದು ಕೊಟ್ಟರೆ ಬಲ ನಿಜವಾಗಿ ತಲುಪುವುದು 4.5 ಸಿಗ್ಮಾದವರೆಗೆ.

ನ್ಯಾನೋಕಣಗಳ ನಡುವೆ ಆಕರ್ಷಣೆ ಇಡಬೇಡಿ, ಬರೀ ವಿಕರ್ಷಣೆ ಇರಲಿ. ಆಕರ್ಷಣೆ ಇರಬೇಕಾದ್ದು ಮಣಿಗೂ ಕಣಕ್ಕೂ ಮಾತ್ರ, ಅದನ್ನೇ ಏರಿಳಿಸುತ್ತ ಹೋಗಿ. ಎಪ್ಸಿಲಾನ್ 1, 2, 5, 10 ಎಂಬ ನಾಲ್ಕು ಮೌಲ್ಯಗಳಿಂದ ಆರಂಭಿಸಿದರೆ ಬೇರೆಬೇರೆ ನಡವಳಿಕೆಗಳು ಕಣ್ಣಿಗೆ ಬೀಳುತ್ತವೆ. 'ಕಣಗಳಿಗೆ ಪರಸ್ಪರ ಸೆಳೆತವೇ ಇಲ್ಲದಿದ್ದರೆ ಅವು ಯಾಕೆ ಕೂಡುತ್ತವೆ' ಎಂದು ಆ ಹುಡುಗಿಯೂ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಸರಪಳಿಗೆ ಕಣದ ಮೈಯ ಪಕ್ಕದಲ್ಲಿ ಬೇಕಾದಂತೆ ಮಡಚಿಕೊಳ್ಳುವ ಸ್ವಾತಂತ್ರ್ಯ ಕಡಿಮೆ. ಎರಡು ಕಣಗಳು ಮೈಗೆ ಮೈ ತಾಗಿಸಿ ನಿಂತರೆ ಸರಪಳಿಗಳಿಗೆ ಅಷ್ಟು ಇಕ್ಕಟ್ಟು ತಪ್ಪುತ್ತದೆ. ಹೀಗೆ ಸರಪಳಿಗಳೇ ಕಣಗಳನ್ನು ಒಂದರತ್ತ ಒಂದನ್ನು ನೂಕುತ್ತವೆ. ಪಾಲಿಮರ್ ದ್ರಾವಣಗಳಲ್ಲಿ ಈ ಬಗೆಯ ನೂಕುವಿಕೆಯನ್ನು ಅಸಾಕುರಾ ಮತ್ತು ಊಸಾವಾ 1954ರಲ್ಲೇ ವಿವರಿಸಿದ್ದರು. ಮಣಿ-ಕಣದ ಆಕರ್ಷಣೆ ಸಾಕಷ್ಟಿದ್ದರೆ ಸರಪಳಿಗಳು ಕಣದ ಮೈಗೆ ಹೊದಿಕೆಯಾಗಿ ಕಣಗಳನ್ನು ದೂರ ಇಡುತ್ತವೆ. ಅತಿಯಾದರೆ ಒಂದೇ ಹೊದಿಕೆಯನ್ನು ಎರಡು ಕಣಗಳು ಹಂಚಿಕೊಂಡು, ಮಣಿಗಳೇ ಸೇತುವೆಯಾಗುತ್ತವೆ.

ಹೆಜ್ಜೆ 4: ಹರಡುವುದು, ಮೆಲ್ಲಗೆ ಬಿಡಿಸುವುದು

ಮೊದಲು ನೂರು ಕಣಗಳನ್ನು ಒಂದರ ಮೇಲೊಂದು ಬೀಳದಂತೆ 40.3 ಸಿಗ್ಮಾದ ಪೆಟ್ಟಿಗೆಯಲ್ಲೇ ಹರಡಿ. ಪೆಟ್ಟಿಗೆಯನ್ನು ಕುಗ್ಗಿಸುವ ದಾರಿ ಬೇಡವೇ ಬೇಡ. ಬಳಿಕ ಸರಪಳಿಗಳನ್ನು ಒಂದೊಂದಾಗಿ ಬೆಳೆಸಿ: ಪ್ರತಿ ಹೆಜ್ಜೆ 0.97 ಸಿಗ್ಮಾ, ದಿಕ್ಕು ಯಾದೃಚ್ಛಿಕ, ಆದರೆ ಒಂದು ಮಣಿಗೂ ಅದರಿಂದ ಎರಡನೆಯದಕ್ಕೂ ಅಂತರ 1.02 ಸಿಗ್ಮಾಕ್ಕಿಂತ ಕಡಿಮೆಯಾಗಬಾರದು. ಕಣದೊಳಗೆ ನುಗ್ಗುವ ಹೆಜ್ಜೆಯನ್ನು ಬಿಟ್ಟು ಬೇರೆ ದಿಕ್ಕು ಆರಿಸಿ. ಇದಕ್ಕೆ ಪೈಥಾನಿನಲ್ಲಿ ಚಿಕ್ಕ ಪ್ರೋಗ್ರಾಂ ಬರೆದುಕೊಳ್ಳಬಹುದು.

ಹೀಗೆ ಬೆಳೆಸಿದ ಸರಪಳಿಗಳು ಒಂದರೊಳಗೊಂದು ಹಾಯ್ದಿರುತ್ತವೆ. ಆ ಸ್ಥಿತಿಯಲ್ಲೇ ಗಟ್ಟಿ ವಿಕರ್ಷಣೆ ಕೊಟ್ಟರೆ ಫೆನೆ ಬಂಧದ ಉದ್ದ ಮೀರಿತೆಂದು ಎಚ್ಚರಿಸುತ್ತ ಓಟ ನಿಂತುಹೋಗುತ್ತದೆ. ಆದ್ದರಿಂದ 'ಸಾಫ್ಟ್' ಎಂಬ ಮೆತ್ತನೆಯ ಬಲದಿಂದ ಆರಂಭಿಸಿ. ಅದರ ಎತ್ತರವನ್ನು 1ರಿಂದ 100ರವರೆಗೆ 'ಫಿಕ್ಸ್ ಅಡಾಪ್ಟ್' ಮೂಲಕ ಹಂತಹಂತವಾಗಿ ಏರಿಸಿ, ಜೊತೆಗೆ 'ಎನ್‌ವಿಇ/ಲಿಮಿಟ್' ಹಾಕಿ, ಯಾವ ಮಣಿಯೂ ಒಂದೇ ಹೆಜ್ಜೆಯಲ್ಲಿ ದೂರ ಚಿಮ್ಮದಂತೆ ತಡೆಯಿರಿ. ಮಲ್ಪೆಯ ಬಂದರಿನಲ್ಲಿ ಸಿಕ್ಕುಬಿದ್ದ ಬಲೆಯನ್ನು ಬಿಡಿಸುವವರು ಹೇಗೆ ಜಗ್ಗದೆ, ಸಡಿಲಿಸುತ್ತ ಸಡಿಲಿಸುತ್ತ ಬಿಡಿಸುತ್ತಾರೋ ಹಾಗೆ.

ಮೆತ್ತನೆಯ ಬಲವನ್ನು ತೆಗೆದು ಎಕ್ಸ್‌ಪ್ಯಾಂಡ್‌ಗೆ ಹೊರಳುವ ಮೊದಲು ಒಂದು ಪರೀಕ್ಷೆ ತಪ್ಪದೆ ಮಾಡಿ. ಎಲ್ಲ ಮಣಿ-ಕಣ ಜೋಡಿಗಳ ದೂರವನ್ನು ಅಳೆದು, ಅತಿ ಚಿಕ್ಕದು ಎಷ್ಟೆಂದು ನೋಡಿ. ಡೆಲ್ಟಾ 2 ಇರುವಾಗ ಕಣದ ಕೇಂದ್ರದಿಂದ 2 ಸಿಗ್ಮಾದೊಳಗೆ ಒಂದೇ ಒಂದು ಮಣಿ ಉಳಿದಿದ್ದರೂ ಅದು ಹೊರಬರುವುದಿಲ್ಲ. ದೂರದಿಂದ ಡೆಲ್ಟಾ ಕಳೆದಾಗ ಅಲ್ಲಿ ಸಿಗುವುದು ಋಣಸಂಖ್ಯೆ. ಬಲ ದಿಕ್ಕು ಬದಲಿಸಿ ಮಣಿಯನ್ನು ಒಳಕ್ಕೇ ಒತ್ತುತ್ತದೆ. ಓಟ ನಿಲ್ಲುವುದಿಲ್ಲ, ಶಕ್ತಿಯ ಅಂಕಿಯೂ ಅಸಹಜವಾಗಿ ಕಾಣದೆ ಹೋಗಬಹುದು. ಕಣಕ್ಕೆ ಮೊಳೆ ಹೊಡೆದಂತೆ ಒಂದು ಸರಪಳಿ ಕೊನೆಯವರೆಗೂ ಅಂಟಿಕೊಂಡಿರುತ್ತದೆ, ನೀವು ಅದನ್ನು ಬಲವಾದ ಆಕರ್ಷಣೆ ಎಂದು ತಿಳಿಯುತ್ತೀರಿ. ಇದನ್ನು ಕಂಡುಹಿಡಿಯಲು ನನಗೆ ಒಂದು ಇಡೀ ವಾರ ಹಿಡಿದಿತ್ತು.

ಹೆಜ್ಜೆ 5: ತಾಪ, ಒತ್ತಡ, ಕಾಲದ ಹೆಜ್ಜೆ

ಬಂಧಗಳಿಗೆ 'ಸ್ಪೆಷಲ್ ಬಾಂಡ್ಸ್ ಫೆನೆ' ಎಂದು ಬರೆಯಲು ಮರೆಯಬೇಡಿ. ಮರೆತರೆ ಸರಪಳಿಯಲ್ಲಿ ಒಂದೆರಡು ಮಣಿ ಬಿಟ್ಟು ಆಚೆಗಿರುವ ಮಣಿಗಳ ನಡುವಿನ ವಿಕರ್ಷಣೆ ಲೆಕ್ಕಕ್ಕೇ ಬರುವುದಿಲ್ಲ. ಗಾತ್ರಗಳು ಬೇರೆಬೇರೆ ಇರುವುದರಿಂದ ಯಾವುದರ ಹತ್ತಿರ ಯಾವುದಿದೆ ಎಂಬ ನೆರೆಪಟ್ಟಿಯನ್ನು 'ಮಲ್ಟಿ' ಬಗೆಯಲ್ಲಿ ಕಟ್ಟಿಸಿದರೆ ಓಟ ಚುರುಕಾಗುತ್ತದೆ.

ಘರ್ಷಣೆಯನ್ನೂ ಯಾದೃಚ್ಛಿಕ ತಳ್ಳುಗಳನ್ನೂ ಕೊಡುವ ಲ್ಯಾಂಜೆವಿನ್ ವಿಧಾನದಿಂದ ತಾಪವನ್ನು 1ರಲ್ಲಿ ಹಿಡಿಯಿರಿ. ಮಣಿಗೆ ಘರ್ಷಣೆ 0.5 ಎಂದರೆ ಲ್ಯಾಂಪ್ಸಿನಲ್ಲಿ ಅದರ ವಿಲೋಮವಾಗಿ ಡ್ಯಾಂಪ್ 2 ಎಂದು ಬರೆಯಬೇಕು. ನ್ಯಾನೋಕಣದ ತೂಕ ಗಾತ್ರಕ್ಕೆ ತಕ್ಕಂತೆ ಮಣಿಯ 125 ಪಟ್ಟು. ಲ್ಯಾಂಪ್ಸ್ ಘರ್ಷಣೆಯನ್ನು ತೂಕದಿಂದ ಗುಣಿಸುವುದರಿಂದ, ಹಾಗೇ ಬಿಟ್ಟರೆ ಕಣದ ಮೇಲಿನ ಘರ್ಷಣೆಯೂ 125 ಪಟ್ಟಾಗುತ್ತದೆ. ಸ್ಟೋಕ್ಸ್ ನಿಯಮದಂತೆ ಅದು ತ್ರಿಜ್ಯಕ್ಕೆ ತಕ್ಕಂತೆ ಐದು ಪಟ್ಟಾದರೆ ಸಾಕು. ಹಾಗಾಗಿ ಕಣದ ಬಗೆಗೆ 'ಸ್ಕೇಲ್' 25 ಎಂದು ಕೊಡಿ. ಇದನ್ನು ಬಿಟ್ಟರೆ ಕಣಗಳು ಜೇನಿನಲ್ಲಿ ಮುಳುಗಿದಂತೆ ನಿಧಾನವಾಗಿ, ಸಿಕ್ಕಿದ್ದಲ್ಲೇ ಉಳಿದುಬಿಡುತ್ತವೆ.

ಕಣಗಳಿಲ್ಲದ ಶುದ್ಧ ಪಾಲಿಮರಿನಲ್ಲಿ ಈ ಸಾಂದ್ರತೆಗೆ ಒತ್ತಡ 5ರ ಆಸುಪಾಸಿನಲ್ಲಿರುತ್ತದೆ. ಬೇರೆಬೇರೆ ಆಕರ್ಷಣೆಯ ಓಟಗಳನ್ನು ಹೋಲಿಸುವಾಗ ಎಲ್ಲವನ್ನೂ ಒಂದೇ ಒತ್ತಡಕ್ಕೆ ತಂದು, ಬಳಿಕ ಪೆಟ್ಟಿಗೆಯ ಗಾತ್ರವನ್ನು ಸ್ಥಿರಗೊಳಿಸಿ. ಕಾಲದ ಹೆಜ್ಜೆ ಆರಂಭದಲ್ಲಿ 0.005 ಟೌ, ಎಲ್ಲ ನೆಮ್ಮದಿಯಾದ ಮೇಲೆ 0.01.

ಹೆಜ್ಜೆ 6: ಸರಪಳಿ ತನ್ನ ಆರಂಭವನ್ನು ಮರೆಯುವವರೆಗೆ ಕಾಯಿರಿ

ಇಡೀ ಕೆಲಸದ ಜೀವ ಇರುವುದು ಈ ಕಾಯುವಿಕೆಯಲ್ಲಿ. ಸರಪಳಿ ಹೊರಳಿಕೊಳ್ಳುವ ಕಾಲವನ್ನು ರೌಸ್ ಕಾಲ ಎನ್ನುತ್ತಾರೆ. ಈ ಮಾದರಿಯಲ್ಲಿ ಅದು ಮಣಿಗಳ ಸಂಖ್ಯೆಯ ವರ್ಗದ ಸುಮಾರು ಒಂದೂವರೆ ಪಟ್ಟು. 100 ಮಣಿಗೆ 15,000 ಟೌ, ಅಂದರೆ 0.005ರ ಹೆಜ್ಜೆಯಲ್ಲಿ 30 ಲಕ್ಷ ಹೆಜ್ಜೆಗಳು. ಒಂದು ರೌಸ್ ಕಾಲವೂ ಸಾಲದು, ಹತ್ತನ್ನಾದರೂ ದಾಟಿಸಿ. ಸರಪಳಿಯನ್ನು 500 ಮಣಿಗೆ ಹಿಗ್ಗಿಸುವ ಆಸೆಯಿದ್ದರೆ, ಸಿಕ್ಕುಗಳು ಗಟ್ಟಿಯಾಗಿ ಕಾಲವು ವರ್ಗಕ್ಕೆ ನಿಲ್ಲದೆ ಘನವನ್ನೂ ಮೀರಿ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲ್ಲಿ ಎರಡು ಸರಪಳಿಗಳ ಬಂಧಗಳನ್ನು ಅದಲುಬದಲು ಮಾಡುವ 'ಬಾಂಡ್/ಸ್ವಾಪ್' ಉಪಾಯ ನೆರವಿಗೆ ಬರುತ್ತದೆ.

ಮರೆತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಪ್ರತಿ ಸರಪಳಿಯ ಒಂದು ತುದಿಯಿಂದ ಇನ್ನೊಂದಕ್ಕೆ ಬಾಣ ಎಳೆಯಿರಿ. ಆರಂಭದ ಬಾಣಕ್ಕೂ ಈಗಿನ ಬಾಣಕ್ಕೂ ಇರುವ ಹೊಂದಾಣಿಕೆ ಸೊನ್ನೆಗೆ ಇಳಿಯಬೇಕು. ಜೊತೆಗೆ, ಸರಪಳಿಯೊಳಗೆ ಇಷ್ಟು ಮಣಿ ಅಂತರದ ತುಣುಕು ಸರಾಸರಿ ಎಷ್ಟು ಉದ್ದ ಎಂಬ ನಕ್ಷೆಯನ್ನು ಎಲ್ಲ ಅಂತರಗಳಿಗೂ ಬಿಡಿಸಿ. ಅವಸರದಲ್ಲಿ ಬಿಡಿಸಿದ ಸರಪಳಿಗಳಲ್ಲಿ ನಡುವಿನ ಅಂತರಗಳ ಬಳಿ ಒಂದು ಉಬ್ಬು ಕಾಣುತ್ತದೆ. ಶುದ್ಧ ಪಾಲಿಮರನ್ನು ಒಮ್ಮೆ ಓಡಿಸಿ, ಅದರ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಕಣಗಳೂ ತಮ್ಮ ವ್ಯಾಸದ ಹಲವು ಪಟ್ಟು ಅಲೆದಿರಬೇಕು. ಅವುಗಳ ಸರಾಸರಿ ವರ್ಗ ಸ್ಥಾನಾಂತರ, ಅಂದರೆ ಸರಿದ ದೂರದ ವರ್ಗದ ಸರಾಸರಿ, 25 ಚದರ ಸಿಗ್ಮಾವನ್ನೂ ದಾಟಿಲ್ಲವಾದರೆ, ನೀವು ನೋಡುತ್ತಿರುವುದು ನೀವೇ ಇಟ್ಟ ಜಾಗವನ್ನು.

ನಿಮ್ಮ ಯಂತ್ರಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ತಿಳಿಯಲು ಮೊದಲು 10,000 ಹೆಜ್ಜೆ ಓಡಿಸಿ, ಸಮಯ ನೋಡಿ ಗುಣಿಸಿ. ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಜೂನಿನಲ್ಲಿ ಗುಡುಗು ಮೊದಲಾದರೆ ವಿದ್ಯುತ್ತನ್ನು ನಂಬುವಂತಿಲ್ಲ. ಒಮ್ಮೆ ನನ್ನ ಆರು ದಿನಗಳ ಓಟ ಒಂದು ಮಿಂಚಿಗೆ ಹೋಯಿತು. ಅಂದಿನಿಂದ ಒಂದು ಲಕ್ಷ ಹೆಜ್ಜೆಗೊಮ್ಮೆ ರೀಸ್ಟಾರ್ಟ್ ಕಡತ ಬರೆಸುತ್ತೇನೆ. ಎರಡು ಹೆಸರು ಕೊಟ್ಟರೆ ಲ್ಯಾಂಪ್ಸ್ ಸರದಿಯ ಮೇಲೆ ಎರಡಕ್ಕೂ ಬರೆಯುತ್ತದೆ. ಒಂದನ್ನು ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಇನ್ನೊಂದು ಉಳಿಯುತ್ತದೆ.

ಹೆಜ್ಜೆ 7: ಅಳೆಯಿರಿ

ಕಣ-ಕಣಗಳ ಜೋಡಿ ಹಂಚಿಕೆಯನ್ನು, ಅಂದರೆ ಒಂದು ಕಣದಿಂದ ಇಂತಿಷ್ಟು ದೂರದಲ್ಲಿ ಇನ್ನೊಂದು ಸಿಗುವ ಸಂಭವವನ್ನು, ನಕ್ಷೆಯಾಗಿ ಬಿಡಿಸಿ. ಈ ಒಂದು ನಕ್ಷೆ ಬಹಳಷ್ಟನ್ನು ಹೇಳುತ್ತದೆ. ಮೊದಲ ಶಿಖರ 5 ಸಿಗ್ಮಾದ ಬಳಿ ಎದ್ದರೆ ಕಣಗಳು ಮೈಗೆ ಮೈ ತಾಗಿವೆ, ಸರಪಳಿಗಳು ಅವನ್ನು ನೂಕಿವೆ. ಮಣಿಗೆ ಕಣದ ಕೇಂದ್ರದಿಂದ ಅತ್ಯಂತ ಹಿತವಾದ ದೂರ 2 ಕೂಡಿಸು 1.12, ಅಂದರೆ 3.12. ಎರಡು ಕಣಗಳ ನಡುವೆ ಒಂದೇ ಪದರ ಮಣಿ ಸೇತುವೆಯಾದರೆ ದೂರ ಅದರ ಎರಡರಷ್ಟು, 6.24. ಶಿಖರ 6.2ರ ಬಳಿ ಎದ್ದರೆ ಅದು ಸೇತುವೆಯ ಗುರುತು. ಎರಡು ಪದರವಾದರೆ 7.2ರ ಬಳಿ. ಎತ್ತರದ ಶಿಖರವೇ ಇಲ್ಲದೆ ನಕ್ಷೆ 1ರ ಆಸುಪಾಸಿನಲ್ಲೇ ಸಾಗಿದರೆ ಕಣಗಳು ಚೆನ್ನಾಗಿ ಹರಡಿವೆ. ಪರದೆಯ ಮೇಲೆ 5 ಸಿಗ್ಮಾದ ಗೊಂಚಲೂ 6.2ರ ಗೊಂಚಲೂ ಒಂದೇ ಥರ ಕಾಣುತ್ತವೆ. ಅವುಗಳ ಕಾರಣಗಳು ಮಾತ್ರ ಒಂದಕ್ಕೊಂದು ತದ್ವಿರುದ್ಧ: ಒಂದರಲ್ಲಿ ಸರಪಳಿಗೆ ಕಣ ಬೇಡವಾಗಿದೆ, ಇನ್ನೊಂದರಲ್ಲಿ ಬಿಡಲಾರದಷ್ಟು ಬೇಕಾಗಿದೆ.

ನೂರೇ ಕಣಗಳಿರುವುದರಿಂದ ನಕ್ಷೆ ಒರಟಾಗಿರುತ್ತದೆ. ನೂರಾರು ಕ್ಷಣಚಿತ್ರಗಳ ಸರಾಸರಿ ತೆಗೆಯಿರಿ. ಕಣ-ಕಣದ ಬಲ 5.12 ಸಿಗ್ಮಾಕ್ಕೇ ಮುಗಿಯುವುದರಿಂದ ಲ್ಯಾಂಪ್ಸ್ ಅದರಾಚೆಯ ದೂರಗಳನ್ನು ತಾನಾಗಿ ಎಣಿಸದು. ಅಳತೆಯ ಆಜ್ಞೆಯಲ್ಲೇ ದೂರವನ್ನು ಹಿಗ್ಗಿಸಿ, ಇಲ್ಲವೇ ಉಳಿಸಿದ ಕಡತವನ್ನು ಓವಿಟೊದಲ್ಲಿ ತೆರೆದು ಎಣಿಸಿ. ಗುಂಪಿನ ಗಾತ್ರ ಎಣಿಸುವಾಗ 'ಇಷ್ಟು ಹತ್ತಿರವಿದ್ದರೆ ಒಂದೇ ಗುಂಪು' ಎಂಬ ದೂರವನ್ನು ಊಹಿಸಬೇಡಿ, ಜೋಡಿ ಹಂಚಿಕೆಯ ಮೊದಲ ಶಿಖರದ ಆಚೆಗಿನ ತಗ್ಗಿನಿಂದ ಆರಿಸಿ.

ಹೆಜ್ಜೆ 8: ಕಣಕ್ಕೆ ಕೂದಲು ಹಚ್ಚುವುದು

ಇಷ್ಟು ಕೈಹಿಡಿದ ಮೇಲೆ ಮುಂದಿನ ಆಟ ಸೊಗಸಾದದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಸನತ್ ಕುಮಾರ್ ಮತ್ತು ಸಂಗಡಿಗರು 2009ರಲ್ಲಿ ಪಾಲಿಸ್ಟೈರೀನ್ ಸರಪಳಿಗಳನ್ನು ಮೈಗೆ ನೆಟ್ಟ ಸಿಲಿಕಾ ಗೋಲಗಳನ್ನು ಪಾಲಿಸ್ಟೈರೀನಿನಲ್ಲೇ ಬೆರೆಸಿದರು. ದುಂಡಗಿನ ಕಣಗಳು ದುಂಡಗಿನ ಗುಂಪುಗಳನ್ನೇ ಕಟ್ಟಬೇಕೆಂದಿಲ್ಲ ಎಂದು ಅಲ್ಲಿ ಕಂಡಿತು. ನೆಟ್ಟ ಸರಪಳಿಗಳ ದಟ್ಟಣೆ ಮತ್ತು ಉದ್ದಕ್ಕೆ ತಕ್ಕಂತೆ ಕಣಗಳು ಎಳೆಯಾಗಿ, ಹಾಳೆಯಾಗಿ ಸಾಲುಗಟ್ಟಿದವು, ಇಲ್ಲವೇ ಬಿಡಿಯಾಗಿ ಹರಡಿದವು. ಕಣದ ಮೈಗೆ ಸುತ್ತಲಿನ ಪಾಲಿಮರ್ ಒಲ್ಲದು, ಅದರ ಕೂದಲಿಗೆ, ಅಂದರೆ ನೆಟ್ಟ ಸರಪಳಿಗಳಿಗೆ, ಒಲಿಯುತ್ತದೆ. ಸಾಬೂನಿನ ಅಣುವಿನ ಇಬ್ಬಗೆಯ ಗುಣವೇ ಇಲ್ಲಿಯೂ ಇದೆ.

ನಮ್ಮ ಕಣದ ಮೇಲ್ಮೈ 78.5 ಚದರ ಸಿಗ್ಮಾ. ದಟ್ಟಣೆ ಚದರ ಸಿಗ್ಮಾಕ್ಕೆ 0.1 ಎಂದರೆ ಕಣಕ್ಕೆ ಎಂಟು ಕೂದಲು. ಬುಡದ ಎಂಟು ಮಣಿಗಳನ್ನು ಕೇಂದ್ರದಿಂದ 3 ಸಿಗ್ಮಾದಲ್ಲಿ ಕೂರಿಸಿ, ಕಣದೊಂದಿಗೆ 'ರಿಜಿಡ್/ಸ್ಮಾಲ್' ಮೂಲಕ ಒಂದೇ ಗಟ್ಟಿ ಕಾಯವಾಗಿಸಿ. ಆ ಮಣಿಗಳನ್ನು ಸಾಮಾನ್ಯ ಚಲನೆಯ ಗುಂಪಿನಿಂದ ತೆಗೆದಿದ್ದೀರಾ ಎಂದು ಎರಡು ಬಾರಿ ನೋಡಿ. ಇಲ್ಲವಾದರೆ ಒಂದೇ ಮಣಿಯನ್ನು ಎರಡು ಆಜ್ಞೆಗಳು ಒಟ್ಟಿಗೆ ಚಲಾಯಿಸುತ್ತವೆ. ಕಣ-ಕಣದ ಆಕರ್ಷಣೆಯನ್ನು ಈ ಹಂತದಲ್ಲಿ ಸೇರಿಸಬಹುದು. ಇದಕ್ಕೆ ದೊಡ್ಡ ಪೆಟ್ಟಿಗೆ ಬೇಕು, ಡೆಸ್ಕ್‌ಟಾಪ್ ಏದುಸಿರು ಬಿಡುತ್ತದೆ. ಕಾಲೇಜಿನ ಕಂಪ್ಯೂಟರ್ ಕ್ಲಸ್ಟರ್ ಕೇಳಿಕೊಳ್ಳಿ.

ಹೆಜ್ಜೆ 9: ಎರಡು ತುದಿಗಳಿಂದ ಹೊರಡಿ

ಪ್ರತಿಯೊಂದು ಎಪ್ಸಿಲಾನ್‌ಗೂ ಎರಡು ಓಟ ಮಾಡಿ. ಒಂದರಲ್ಲಿ ಕಣಗಳನ್ನು ಹರಡಿ ಇಡಿ, ಇನ್ನೊಂದರಲ್ಲಿ ಬೇಕೆಂದೇ ಗುಡ್ಡೆ ಹಾಕಿ ಇಡಿ. ಎರಡರಲ್ಲೂ ಗುಂಪಿನ ಸರಾಸರಿ ಗಾತ್ರ ಕಾಲದೊಂದಿಗೆ ಹೇಗೆ ಸಾಗುತ್ತದೆಂದು ಒಂದೇ ಹಾಳೆಯಲ್ಲಿ ಬಿಡಿಸಿ. ಒಂದು ಗೆರೆ ಮೇಲಿನಿಂದ ಇಳಿಯಬೇಕು, ಇನ್ನೊಂದು ಕೆಳಗಿನಿಂದ ಏರಬೇಕು, ಎರಡೂ ಒಂದು ಮಟ್ಟದಲ್ಲಿ ಕೂಡಬೇಕು. ಯಾದೃಚ್ಛಿಕ ಸಂಖ್ಯೆಯ ಬೀಜ ಬದಲಿಸಿ ಇದನ್ನೇ ಮೂರು ಬಾರಿ ಮಾಡಿ.

ಆ ಹುಡುಗಿ ಹೀಗೆ ಮಾಡಿದಳು. ದೀಪಾವಳಿಯ ರಜೆಗೆ ಬಂದಾಗ ಹಾಳೆಗಳನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿದಳು. ಎಪ್ಸಿಲಾನ್ 2ರ ಗೆರೆಗಳು ಕೂಡಿದ್ದವು, 5ರವೂ ಕೂಡಿದ್ದವು. 10ರವು ಕೂಡಿರಲಿಲ್ಲ, ಸೇತುವೆ ಕಟ್ಟಿದ ಮಣಿಗಳು ಕಣದ ಮೈಯನ್ನು ಬಿಡಲೊಲ್ಲದೆ ಎರಡು ಗೆರೆಗಳ ನಡುವೆ ಅಗಲವಾದ ಬಿಳಿ ಜಾಗ ಉಳಿದಿತ್ತು. ಮಾರ್ಗದರ್ಶಕರಿಗೆ ಕೊಡುವ ವರದಿಯಲ್ಲಿ ಆ ಹಾಳೆಯ ಕೆಳಗೆ ಅವಳು "ಇನ್ನೂ ಸಮತೋಲಕ್ಕೆ ಬಂದಿಲ್ಲ, ಓಟ ಮುಂದುವರಿದಿದೆ" ಎಂದು ಬರೆದು, ಕೊನೆಯ ರೀಸ್ಟಾರ್ಟ್ ಕಡತದ ಹೆಸರನ್ನು ಪಕ್ಕದಲ್ಲಿ ನಮೂದಿಸಿದಳು.